ಐಟಿ ರಿಟರ್ನ್ ಎಲ್ಲಿ ಸಿಕ್ಕಿಬಿದ್ದಿದೆ? ಕಾಸರಗೋಡಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಆದಾಯ ತೆರಿಗೆ ರಿಟರ್ನ್ ತುಂಬುವಾಗ ಪರದೆಯ ಮೇಲೆ ಕೆಂಪು ಅಕ್ಷರ ಬಂದರೆ ಹೆಚ್ಚಿನವರು ಫಾರ್ಮ್ ಅಳಿಸಿ ಮೊದಲಿನಿಂದ ತುಂಬುತ್ತಾರೆ. ಅದೇ ಕೆಂಪು ಅಕ್ಷರ ಮತ್ತೆ ಬರುತ್ತದೆ. ಬರಲೇಬೇಕು, ಯಾಕೆಂದರೆ ತಪ್ಪು ಫಾರ್ಮಿನಲ್ಲಿ ಇರುವುದು ಕಡಿಮೆ. ನೀವು ಬರೆದದ್ದನ್ನು ಪೋರ್ಟಲ್ (ರಿಟರ್ನ್ ಹಾಕುವ ಇಲಾಖೆಯ ಜಾಲತಾಣ) ನಾಲ್ಕು ಕಡೆ ತಾಳೆ ನೋಡುತ್ತದೆ: ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಮತ್ತೆ ನಿಮ್ಮ ಹೆಸರಿನಲ್ಲಿ ತೆರಿಗೆ ಹಿಡಿದವರು ಇಲಾಖೆಗೆ ಕೊಟ್ಟ ಲೆಕ್ಕ. ಈ ನಾಲ್ಕರಲ್ಲಿ ಯಾವುದು ತಾಳೆಯಾಗಲಿಲ್ಲ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದು ಗೊತ್ತಾಗುವ ತನಕ ಫಾರ್ಮ್ ಮುಟ್ಟಬೇಡಿ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯವರ ರಿಟರ್ನ್ ನೋಡಿದರೆ ಕೆಲವು ದೋಷಗಳು ವರ್ಷವರ್ಷವೂ ಎದುರಾಗುತ್ತವೆ. ಮನೆ ಕೇರಳದಲ್ಲಿ, ಕೆಲಸ ಮಂಗಳೂರಿನಲ್ಲಿ, ಬ್ಯಾಂಕ್ ಖಾತೆ ಅಪ್ಪನ ಕಾಲದ್ದು, ತೋಟ ಸ್ವಲ್ಪ ಈಚೆ ಸ್ವಲ್ಪ ಆಚೆ, ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ. ಸಾಮಾನ್ಯ ಕೈಪಿಡಿಗಳಲ್ಲಿ ಇದೆಲ್ಲ ಇರುವುದಿಲ್ಲ. ಹಾಗಾಗಿ ಇಲ್ಲಿ ಅಂಥದ್ದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದರೆ 2025-26ರ ಆದಾಯದ ರಿಟರ್ನ್ ಹಳೆಯ 1961ರ ಕಾಯ್ದೆಯಂತೆಯೇ. ಹಾಗಾಗಿ ಇಲ್ಲಿರುವ ಸೆಕ್ಷನ್ ಸಂಖ್ಯೆಗಳೆಲ್ಲ ಹಳೆಯವು.

ಮೊದಲು, ಎಲ್ಲಿ ನಿಂತಿದೆ?

ಲಾಗಿನ್ ಆಗುತ್ತಿಲ್ಲವೋ, ಫಾರ್ಮ್ ಮುಂದೆ ಹೋಗುತ್ತಿಲ್ಲವೋ, ಸಬ್ಮಿಟ್ ಆದ ಮೇಲೆ ವೆರಿಫೈ ಆಗುತ್ತಿಲ್ಲವೋ, ಅಥವಾ ಎಲ್ಲ ಆಗಿ ಹಣ ಬರುತ್ತಿಲ್ಲವೋ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. "ನನ್ನ ಐಟಿ ಆಗ್ತಾ ಇಲ್ಲ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಬ್ಮಿಟ್ ಆಗಿದ್ದರೆ ಇ-ಫೈಲ್ ಮೆನುವಿನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅದರೊಳಗೆ ವ್ಯೂ ಫೈಲ್ಡ್ ರಿಟರ್ನ್ಸ್ ತೆರೆಯಿರಿ. ಯಾವ ದಿನ ಏನಾಯಿತು ಅಂತ ಅಲ್ಲಿ ಸಾಲಾಗಿ ಕಾಣುತ್ತದೆ.

ಪುಟ ಸುತ್ತುತ್ತಾ ಇದ್ದರೆ, ಇದ್ದಕ್ಕಿದ್ದ ಹಾಗೆ ಹೊರಗೆ ಹಾಕಿದರೆ, ಅದು ದೋಷವೇ ಅಲ್ಲ. ಒಂದೇ ಬ್ರೌಸರಿನಲ್ಲಿ ಎರಡು ಕಡೆ ತೆರೆದಿರಬಹುದು, ಅಥವಾ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಿರಬಹುದು. ಉಳಿದ ಟ್ಯಾಬ್ ಮುಚ್ಚಿ, ಬ್ರೌಸರಿನ ಹಳೆಯ ಕಸ ತೆಗೆದು, ಮತ್ತೆ ಒಳಗೆ ಹೋಗಿ. ಡ್ರಾಫ್ಟ್ ಅಲ್ಲೇ ಇರುತ್ತದೆ. ಆಟಿಯ ಮಳೆಗೆ ಕರೆಂಟೂ ಹೋಗಿ ನೆಟ್ಟೂ ಹೋಗುವ ಊರಿನಲ್ಲಿ ಕೊನೆಯ ವಾರದ ತನಕ ಕಾಯಬಾರದು, ಅಷ್ಟೇ. ಹಾಗಂತ ಏಪ್ರಿಲಿನಲ್ಲೇ ಓಡುವುದೂ ಬೇಡ. ಜನವರಿಯಿಂದ ಮಾರ್ಚ್ ತನಕದ ಟಿಡಿಎಸ್ (ಸಂಬಳ, ಬಡ್ಡಿ ಕೊಡುವಾಗಲೇ ಹಿಡಿದ ತೆರಿಗೆ) ಲೆಕ್ಕ ಕೊಡಲು ಅದನ್ನು ಹಿಡಿದವರಿಗೆ ಮೇ 31ರ ತನಕ ಸಮಯ ಇದೆ. ಸಂಬಳ ಎಷ್ಟು, ತೆರಿಗೆ ಎಷ್ಟು ಹಿಡಿದರು ಅಂತ ಸಂಬಳ ಕೊಟ್ಟವರು ಬರೆದುಕೊಡುವ ಫಾರ್ಮ್ 16ಕ್ಕೆ ಜೂನ್ 15. ಅದಕ್ಕೆ ಮೊದಲು ತುಂಬಿದರೆ ಅರ್ಧ ಲೆಕ್ಕ ಕಾಣುವುದೇ ಇಲ್ಲ.

ಓಟಿಪಿ ಬರುತ್ತಿಲ್ಲ

ಇಲ್ಲಿ ಓಟಿಪಿ ಎರಡು ಥರ ಇದೆ. ಪೋರ್ಟಲ್ ಕಳಿಸುವುದು ನೀವು ಪೋರ್ಟಲಿನಲ್ಲಿ ಕೊಟ್ಟ ನಂಬರಿಗೆ. ಆಧಾರ್ ಓಟಿಪಿ ಹೋಗುವುದು ಆಧಾರಿನಲ್ಲಿ ಇರುವ ನಂಬರಿಗೆ. ಎರಡೂ ಒಂದೇ ಆಗಿರಬೇಕು ಅಂತೇನೂ ಇಲ್ಲ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾಗ ಆಧಾರ್ ಮಾಡಿಸಿ, ಆ ಸಿಮ್ ಬಿಟ್ಟು ಊರಿಗೆ ಬಂದವರು ಬಹಳ ಜನ. ಕೊಲ್ಲಿಗೆ ಹೋದವರ ಕಥೆಯೂ ಇದೇ. ಮೈಆಧಾರ್ ಜಾಲತಾಣದಲ್ಲಿ ಮೊಬೈಲ್ ವೆರಿಫೈ ಮಾಡುವ ಜಾಗ ಇದೆ. ಈಗಿನ ನಂಬರ್ ಹಾಕಿ ನೋಡಿದರೆ ಅದು ಆಧಾರಿಗೆ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸೇರಿಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಾಯಿಸಿ.

ಪೋರ್ಟಲಿನ ನಂಬರ್ ಬೇರೆಯವರದ್ದಾಗಿರುವುದೂ ಉಂಟು. ಎಷ್ಟೋ ವರ್ಷ ಹಿಂದೆ ಯಾವುದೋ ಅಂಗಡಿಯಲ್ಲಿ ರಿಜಿಸ್ಟರ್ ಮಾಡಿಸಿದಾಗ ಅವರು ಅವರದೇ ನಂಬರ್, ಅವರದೇ ಇಮೇಲ್ ಹಾಕಿರುತ್ತಾರೆ. ನಿಮ್ಮ ರಿಫಂಡಿನ ಸುದ್ದಿ, ನೋಟಿಸು, ಪಾಸ್‌ವರ್ಡ್ ಎಲ್ಲ ಅವರಿಗೆ ಹೋಗುತ್ತಿರುತ್ತದೆ. ಇದನ್ನು ಸರಿ ಮಾಡಲು ಅವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಿಮ್ಮ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಮೂಲಕ ಪೋರ್ಟಲಿನ ಒಳಗೆ ಹೋಗುವ ದಾರಿ ಇದೆ, ಅಥವಾ ಆಧಾರ್ ಓಟಿಪಿ ಹಾಕಿ ಪಾಸ್‌ವರ್ಡ್ ಬದಲಾಯಿಸಬಹುದು. ಒಳಗೆ ಹೋದ ತಕ್ಷಣ ಮೈ ಪ್ರೊಫೈಲಿನಲ್ಲಿ ನಂಬರ್, ಇಮೇಲ್ ಎರಡೂ ನಿಮ್ಮದು ಮಾಡಿ. ಮುಂದೆ ಯಾವ ಕೇಂದ್ರದಲ್ಲಿ ಮಾಡಿಸಿದರೂ "ನಂಬರ್ ನನ್ನದೇ ಹಾಕಿ" ಅಂತ ಬಾಯಿ ಬಿಟ್ಟು ಹೇಳಿ.

ಹೆಸರು ತಾಳೆಯಾಗುತ್ತಿಲ್ಲ

ನಮ್ಮ ಕಡೆ ಇದೇ ದೊಡ್ಡ ರೋಗ. ಪ್ಯಾನ್ ಮತ್ತು ಆಧಾರ್ ಲಿಂಕ್ ಆಗದೆ ಇರುವುದು, ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗದೆ ಇರುವುದು, ಎರಡಕ್ಕೂ ಹೆಚ್ಚಾಗಿ ಕಾರಣ ಹೆಸರು.

ಒಬ್ಬರ ಹೆಸರು ಗಂಗಾಧರ ಭಟ್ಟ ಕೆ. ಅಂತ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹಾಗೇ ಇದೆ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕು. ಆ 'ಕೆ' ಒಬ್ಬರಿಗೆ ಮನೆತನದ ಜಾಗದ ಹೆಸರು, ಇನ್ನೊಬ್ಬರಿಗೆ ಅಪ್ಪನ ಹೆಸರು. ಅರ್ಜಿ ತುಂಬಿದವರು ಅಪ್ಪನ ಹೆಸರನ್ನೇ ತೆಗೆದು ಕೊನೆಗೆ ಹಾಕಿರುತ್ತಾರೆ. ಆಧಾರ್ ಮಾಡುವಾಗ ಮಲಯಾಳದಲ್ಲಿ ಟೈಪ್ ಮಾಡಿದವರು ಗಂಗಾಧರನ್ ಮಾಡಿರುತ್ತಾರೆ. ಇಂಗ್ಲಿಷಿನಲ್ಲಿಯೂ ಹಾಗೇ ಇಳಿಯುತ್ತದೆ. ಬ್ಯಾಂಕಿನಲ್ಲಿ ಬರೀ ಜಿ. ಭಟ್. ನಾಲ್ಕೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ.

ಹಾಗಾದರೆ ಯಾವುದನ್ನು ತಿದ್ದಬೇಕು? ಮೊದಲು ಎಲ್ಲವನ್ನೂ ಪಕ್ಕಪಕ್ಕ ಇಟ್ಟು, ಅಕ್ಷರ ಅಕ್ಷರ ಓದಿ. ಕಾರ್ಡು ನೋಡಿ ಓದುವುದು ಸಾಲದು. ಕಾರ್ಡಿನಲ್ಲಿ ಅಚ್ಚಾದ ಹೆಸರು ಬೇರೆ, ಇಲಾಖೆಯ ದಾಖಲೆಯಲ್ಲಿ ಇರುವುದು ಬೇರೆ ಆಗಿರಬಹುದು. ಪೋರ್ಟಲಿನ ಪ್ರೊಫೈಲಿನಲ್ಲಿ ಕಾಣುವ ಹೆಸರನ್ನೇ ನೋಡಿ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಒಂದೇ ಇದ್ದು ಪ್ಯಾನ್ ಮಾತ್ರ ಬೇರೆ ಇದ್ದರೆ ಪ್ಯಾನ್ ತಿದ್ದಿಸಿ. ಬ್ಯಾಂಕ್ ಮಾತ್ರ ಬೇರೆ ಇದ್ದರೆ ಅದು ಎಲ್ಲಕ್ಕಿಂತ ಸುಲಭ, ಪ್ಯಾನ್ ನಕಲು ಕೊಟ್ಟು ಕೆವೈಸಿ ಮಾಡಿಸಿದರೆ ಮುಗಿಯಿತು. ಆಧಾರಿಗೆ ಕೈ ಹಾಕುವುದು ಕೊನೆಗೆ. ಅದರಲ್ಲಿ ಹೆಸರು ಎರಡು ಸಲ, ಹುಟ್ಟಿದ ತಾರೀಕು ಒಂದೇ ಸಲ ಬದಲಾಯಿಸಲು ಬಿಡುತ್ತಾರೆ. ಅವಸರದಲ್ಲಿ ತಪ್ಪಾಗಿ ತಿದ್ದಿಸಿಕೊಂಡರೆ ಆಮೇಲೆ ಓಡಾಟ ಜಾಸ್ತಿ.

ಲಿಂಕ್ ಬಗ್ಗೆ ಇನ್ನೊಂದು ವಿಷಯ. 2023ರ ಜೂನ್ 30ರ ಒಳಗೆ ಲಿಂಕ್ ಮಾಡದವರ ಪ್ಯಾನ್ ನಿಷ್ಕ್ರಿಯ ಆಗಿದೆ. ಆ ಮೇಲೆ ಮಾಡುವುದಾದರೆ 1000 ರೂಪಾಯಿ ಕಟ್ಟಬೇಕು. "ಸಾವಿರ ಕಟ್ಟಿ ಆಯ್ತು, ಆದರೂ ಲಿಂಕ್ ಆಗಿಲ್ಲ" ಎನ್ನುವವರಿದ್ದಾರೆ. ಹಣ ಕಟ್ಟುವುದು ಒಂದು ಕೆಲಸ, ಲಿಂಕ್ ಆಧಾರ್‌ಗೆ ಹೋಗಿ ಅರ್ಜಿ ಸಬ್ಮಿಟ್ ಮಾಡುವುದು ಇನ್ನೊಂದು ಕೆಲಸ. ಎರಡನೆಯದನ್ನು ಬಿಟ್ಟಿರುತ್ತಾರೆ. ಪ್ಯಾನ್ ನಿಷ್ಕ್ರಿಯ ಇದ್ದರೂ ರಿಟರ್ನ್ ಹಾಕಬಹುದು, ಆದರೆ ರಿಫಂಡ್ ಬರುವುದಿಲ್ಲ, ಟಿಡಿಎಸ್ ಜಾಸ್ತಿ ದರದಲ್ಲಿ ಹಿಡಿಯುತ್ತಾರೆ. 80 ವರ್ಷ ದಾಟಿದವರಿಗೆ ಲಿಂಕ್ ಕಡ್ಡಾಯವಲ್ಲ. ಅನಿವಾಸಿಗಳಿಗೂ ಕಡ್ಡಾಯವಲ್ಲ, ಆದರೆ ಕೊಲ್ಲಿಯಲ್ಲಿರುವ ಮಗ ಅನಿವಾಸಿ ಅಂತ ಇಲಾಖೆಯ ದಾಖಲೆಯಲ್ಲಿ ಇರಬೇಕಲ್ಲ? ನಿವಾಸಿ ಅಂತಲೇ ಇದ್ದರೆ ಅವನ ಪ್ಯಾನ್ ಕೂಡ ನಿಷ್ಕ್ರಿಯ ಆಗಿರುತ್ತದೆ. ಅನಿವಾಸಿಗಳು ಐಟಿಆರ್-1 (ಸಂಬಳ, ಬಡ್ಡಿಯಂಥ ಸರಳ ಆದಾಯದ ರಿಟರ್ನ್ ಫಾರ್ಮ್) ಹಾಕುವಂತಿಲ್ಲ ಎನ್ನುವುದೂ ನೆನಪಿರಲಿ. ಎನ್‌ಆರ್‌ಒ ಖಾತೆಯ (ಅನಿವಾಸಿಗಳು ಊರಿನ ಆದಾಯ ಇಡುವ ಖಾತೆ) ಬಡ್ಡಿಗೆ ಹಿಡಿದ ತೆರಿಗೆ ವಾಪಸು ಬೇಕಾದರೆ ಐಟಿಆರ್-2.

ರಿಫಂಡ್ ಫೇಲ್ಡ್

ಇದು ಬ್ಯಾಂಕಿನ ದೋಷ. ನಮ್ಮಲ್ಲಿ ಇದಕ್ಕೆ ಒಂದು ಚರಿತ್ರೆಯೇ ಇದೆ.

"ಮಾಷ್ಟ್ರೇ, ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲಿ?"

"ಸಿಂಡಿಕೇಟಿನಲ್ಲಿ ಮಾರಾಯ, ಮತ್ತೆಲ್ಲಿ?"

ಆ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. 2017ರಲ್ಲಿ ತಿರುವಾಂಕೂರು ಮತ್ತು ಮೈಸೂರು ಸ್ಟೇಟ್ ಬ್ಯಾಂಕುಗಳು ಎಸ್‌ಬಿಐಗೆ ಸೇರಿದ್ದವು. ಅದಕ್ಕೂ ಮೊದಲು, 2013ರಲ್ಲಿ, ಉತ್ತರ ಮಲಬಾರ್ ಗ್ರಾಮೀಣ ಬ್ಯಾಂಕ್ ಹೋಗಿ ಕೇರಳ ಗ್ರಾಮೀಣ ಬ್ಯಾಂಕ್ ಆಯಿತು. ಕಾಸರಗೋಡು ಜಿಲ್ಲೆಯ ಹಳೆಯ ಖಾತೆಗಳನ್ನು ನೋಡಿದರೆ ಬಹಳಷ್ಟು ಈ ಪಟ್ಟಿಯಲ್ಲೇ ಇರುತ್ತವೆ. ಬೋರ್ಡು ಬದಲಾಯಿತು, ಶಾಖೆಯ ಗುರುತಿನ ಕೋಡು ಐಎಫ್‌ಎಸ್‌ಸಿ ಬದಲಾಯಿತು, ಪೋರ್ಟಲಿನಲ್ಲಿ ಮಾತ್ರ ಹಳೆಯದೇ ಉಳಿಯಿತು. ಸಿಂಡಿಕೇಟಿನ ಎಸ್‌ವೈಎನ್‌ಬಿ ಅಂತ ಶುರುವಾಗುವ ಕೋಡು 2021ರ ಜುಲೈ 1ರಿಂದ ನಡೆಯುವುದಿಲ್ಲ. ಈಗ ಸಿಎನ್‌ಆರ್‌ಬಿ ಅಂತ ಶುರುವಾಗಬೇಕು. ಹಳೆಯ ಪಾಸ್‌ಬುಕ್ ನೋಡಿ ತುಂಬಿದರೆ ಹಣ ಹೋದ ದಾರಿಯಲ್ಲೇ ವಾಪಸು ಹೋಗುತ್ತದೆ.

ಪರೀಕ್ಷೆ ಹೀಗೆ: ಮೈ ಪ್ರೊಫೈಲಿನಲ್ಲಿ ಮೈ ಬ್ಯಾಂಕ್ ಅಕೌಂಟ್ ತೆರೆಯಿರಿ. ಖಾತೆಯ ಪಕ್ಕ ವ್ಯಾಲಿಡೇಟೆಡ್ ಅಂತ ಇದೆಯೇ? ರಿಫಂಡಿಗೆ ನಾಮಿನೇಟ್ ಮಾಡುವ ಗುಂಡಿ ಆನ್ ಇದೆಯೇ? ಎರಡೂ ಬೇಕು. ಬರೀ ವ್ಯಾಲಿಡೇಟ್ ಮಾಡಿ ಗುಂಡಿ ಒತ್ತದೆ ಬಿಟ್ಟವರಿದ್ದಾರೆ. ಫೇಲ್ ಅಂತ ಇದ್ದರೆ ಕಾರಣವೂ ಅಲ್ಲೇ ಬರೆದಿರುತ್ತದೆ. ಖಾತೆಗೆ ಪ್ಯಾನ್ ಜೋಡಿಸಿಲ್ಲ ಎಂದಿದ್ದರೆ ಶಾಖೆಗೆ ಹೋಗಿ. ಹೆಸರು ಬೇರೆ ಎಂದಿದ್ದರೆ ಮೇಲಿನ ಭಾಗಕ್ಕೆ ಹಿಂದೆ ಹೋಗಿ. ಐಎಫ್‌ಎಸ್‌ಸಿ ತಪ್ಪು ಎಂದಿದ್ದರೆ, ಆ 11 ಅಕ್ಷರದಲ್ಲಿ ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ 'ಓ' ಅಲ್ಲ. ಈ ಒಂದು ಅಕ್ಷರದಿಂದ ನಿಂತುಹೋದದ್ದು ಕಡಿಮೆ ಅಲ್ಲ.

ಖಾತೆ ಸರಿ ಮಾಡಿದರೆ ಹಣ ತಾನಾಗಿ ಬರುತ್ತದೆ ಅಂತ ಕೂರಬೇಡಿ. ಸರ್ವಿಸಸ್ ಮೆನುವಿನಲ್ಲಿ ರಿಫಂಡ್ ರೀಇಶ್ಯೂ ಅಂತ ಇದೆ. ಅಲ್ಲಿ ಬೇಡಿಕೆ ಹಾಕಿ, ಖಾತೆ ಆರಿಸಿ, ಇ-ವೆರಿಫೈ ಮಾಡಬೇಕು. ಮತ್ತೆ, "ನಿಮ್ಮ ರಿಫಂಡ್ ಇಷ್ಟು, ಈ ಲಿಂಕ್ ಒತ್ತಿ" ಅಂತ ಮೊಬೈಲಿಗೆ ಬರುವ ಸಂದೇಶಗಳು ಎಲ್ಲವೂ ಮೋಸ. ಇಲಾಖೆ ಯಾವತ್ತೂ ಎಟಿಎಂ ಪಿನ್, ಕಾರ್ಡಿನ ನಂಬರ್ ಕೇಳುವುದಿಲ್ಲ.

ಹಿಡಿದ ತೆರಿಗೆ ಕಾಣುತ್ತಿಲ್ಲ

ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳು ತೆರಿಗೆ ಹಿಡಿದದ್ದು ಇದೆ. ಪೋರ್ಟಲಿನಲ್ಲಿ ಇಲ್ಲ. ಅಥವಾ ರಿಟರ್ನಿನಲ್ಲಿ ನೀವು ಹಾಕಿದಿರಿ, ಆಮೇಲೆ 143(1) ಸೂಚನೆ (ರಿಟರ್ನ್ ನೋಡಿ ಇಲಾಖೆ ಕಳಿಸುವ ಲೆಕ್ಕದ ಕಾಗದ) ಬಂತು, "ಇಷ್ಟು ಬಾಕಿ ಕಟ್ಟಿ" ಅಂತ. ಆ ಪಿಡಿಎಫ್ ತೆರೆಯುವುದಿಲ್ಲ ಅಂತ ಗಾಬರಿ ಬೇಡ. ಪಾಸ್‌ವರ್ಡ್ ನಿಮ್ಮ ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷ. ನಡುವೆ ಜಾಗ ಬಿಡಬಾರದು. ನಿಮ್ಮ ಆದಾಯದ ಬಗ್ಗೆ ಬೇರೆಯವರು ಇಲಾಖೆಗೆ ಕೊಟ್ಟ ಮಾಹಿತಿಯ ಪಟ್ಟಿ ಎಐಎಸ್, ಅದರ ಪಿಡಿಎಫಿಗೂ ಅದೇ.

ಸೂಚನೆಯ ಒಳಗೆ ಎರಡು ಕಂಬ ಇರುತ್ತವೆ: ನೀವು ಹೇಳಿದ್ದು, ಇಲಾಖೆ ಲೆಕ್ಕ ಹಾಕಿದ್ದು. ಯಾವ ಸಾಲಿನಲ್ಲಿ ಎರಡೂ ಬೇರೆ ಆಗುತ್ತದೆ ಅಂತ ಮೇಲಿನಿಂದ ಕೆಳಗೆ ಬೆರಳಿಟ್ಟು ಬನ್ನಿ. ಆದಾಯದ ಸಾಲಿನಲ್ಲಿ ಬೇರೆ ಆದರೆ ಒಂದು ಕಥೆ, ಟಿಡಿಎಸ್ ಸಾಲಿನಲ್ಲಿ ಬೇರೆ ಆದರೆ ಇನ್ನೊಂದು. ಟಿಡಿಎಸ್ ಆಗಿದ್ದರೆ ಫಾರ್ಮ್ 26ಎಎಸ್ (ನಿಮ್ಮ ಪ್ಯಾನಿಗೆ ಜಮೆಯಾದ ತೆರಿಗೆಯ ಪಟ್ಟಿ) ತೆರೆದು ಅಲ್ಲಿ ಇರುವ ಮೊತ್ತ ನೋಡಿ. ಅಲ್ಲಿ ಇಲ್ಲದ್ದು ನಿಮಗೆ ಸಿಗುವುದಿಲ್ಲ. ಇಲ್ಲ ಎಂದರೆ ಹಣ ಹಿಡಿದವರು ಲೆಕ್ಕ ಕೊಟ್ಟಿಲ್ಲ, ಅಥವಾ ಕೊಡುವಾಗ ಪ್ಯಾನ್ ತಪ್ಪು ಬರೆದಿದ್ದಾರೆ. ಎರಡನ್ನೂ ಸರಿ ಮಾಡಲು ಅವರಿಂದ ಮಾತ್ರ ಸಾಧ್ಯ. ಶಾಲೆಯ ಸಂಬಳವಾದರೆ ಸಂಬಳ ಬಿಲ್ಲು ಮಾಡುವ ಅಧಿಕಾರಿ, ಕಂಪನಿಯಾದರೆ ಅದರ ಲೆಕ್ಕದ ವಿಭಾಗ. ಅವರು ತಿದ್ದುಪಡಿ ಲೆಕ್ಕ ಹಾಕಬೇಕು. 26ಎಎಸ್‌ನಲ್ಲಿ ಕಂಡ ಮೇಲೆ ನೀವು ಪೋರ್ಟಲಿನಲ್ಲಿ ರೆಕ್ಟಿಫಿಕೇಶನ್ನಿಗೆ (ತಪ್ಪು ತಿದ್ದುವ ಅರ್ಜಿ) ಹೋಗಿ, ರೀಪ್ರೊಸೆಸ್ ದ ರಿಟರ್ನ್ ಆರಿಸಿ. ಬೇರೆ ಏನೂ ಬದಲಾಯಿಸುವುದು ಬೇಡ.

ಅವರು ಕೈ ಆಡಿಸುತ್ತಾ ಕಾಲ ಕಳೆದರೆ? ಸಂಬಳದಿಂದ ತೆರಿಗೆ ಹಿಡಿದಾದ ಮೇಲೆ ಅದೇ ತೆರಿಗೆಯನ್ನು ನಿಮ್ಮಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಅಂತ 1961ರ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಿ. ಬಾಕಿ ಬೇಡಿಕೆಗೆ ಉತ್ತರ ಕೊಡುವ ಜಾಗದಲ್ಲಿ ಒಪ್ಪುವುದಿಲ್ಲ ಅಂತ ಆರಿಸಿ ಕಾರಣ ಬರೆಯಿರಿ. ಸುಮ್ಮನಿದ್ದರೆ ಮುಂದಿನ ವರ್ಷದ ರಿಫಂಡಿನಿಂದ ಮುರಿದುಕೊಳ್ಳುತ್ತಾರೆ.

ಇನ್ನು ಆದಾಯದ ಸಾಲಿನಲ್ಲಿ ವ್ಯತ್ಯಾಸ ಬಂದರೆ ಹೆಚ್ಚಾಗಿ ಅದು ಬಡ್ಡಿ. ನಮ್ಮ ಊರುಗಳಲ್ಲಿ ಸಹಕಾರಿ ಸೊಸೈಟಿಯಲ್ಲಿ ಎಫ್‌ಡಿ ಇಡದವರು ಯಾರು? ಪ್ರಾಥಮಿಕ ಕೃಷಿ ಪತ್ತಿನ ಸಂಘ ತನ್ನ ಸದಸ್ಯರ ಠೇವಣಿ ಬಡ್ಡಿಗೆ ಟಿಡಿಎಸ್ ಹಿಡಿಯಬೇಕಾಗಿಲ್ಲ. ಟಿಡಿಎಸ್ ಹಿಡಿದಿಲ್ಲ ಅಂತ ತೆರಿಗೆಯೂ ಇಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಬಡ್ಡಿ ನಿಮ್ಮ ಆದಾಯವೇ, ಸಂಘದಿಂದ ವರದಿ ಹೋಗಿದ್ದರೆ ಎಐಎಸ್‌ನಲ್ಲೂ ಕಾಣುತ್ತದೆ. ನಿಮ್ಮದಲ್ಲದ ಬಡ್ಡಿ, ಅಮ್ಮನ ಜೊತೆ ಇರುವ ಜಂಟಿ ಖಾತೆಯದ್ದು, ನಿಮ್ಮ ಹೆಸರಲ್ಲಿ ಬಂದಿದ್ದರೆ ಎಐಎಸ್‌ನಲ್ಲೇ ಫೀಡ್‌ಬ್ಯಾಕ್ ಕೊಡಬಹುದು, ಬೇರೆ ಪ್ಯಾನಿನದ್ದು ಅಂತ. ಅದನ್ನು ರಿಟರ್ನ್ ಹಾಕುವ ಮೊದಲೇ ಮಾಡಿ.

ತೋಟ ಇರುವವರ ಲೆಕ್ಕ

ಸಂಬಳವೂ ಇದೆ, ಅಡಿಕೆ ತೋಟವೂ ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಬರೆಯಬೇಕಾಗಿಲ್ಲ ಅಂತ ಜನ ತಿಳಿದಿದ್ದಾರೆ. ಬರೆಯಬೇಕು. ಐಟಿಆರ್-1ರಲ್ಲಿ 5,000 ರೂಪಾಯಿ ತನಕ ಮಾತ್ರ ಬರೆಯಲು ಬಿಡುತ್ತದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿಯಾದರೂ ಫಾರ್ಮ್ ಒಪ್ಪುವುದಿಲ್ಲ. ಅದು ಪೋರ್ಟಲಿನ ದೋಷ ಅಲ್ಲ, ನೀವು ಐಟಿಆರ್-2ಕ್ಕೆ ಹೋಗಬೇಕು ಅಂತ ಅರ್ಥ. ಮೊತ್ತವನ್ನು 5,000ಕ್ಕೆ ಇಳಿಸಿ ಕೆಲಸ ಮುಗಿಸುವುದು ಬೇಡ.

ಐಟಿಆರ್-2 ತುಂಬಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. "ಹನ್ನೆರಡು ಲಕ್ಷದ ತನಕ ತೆರಿಗೆ ಇಲ್ಲ ಅಂದಿದ್ದಾರಲ್ಲ, ನನಗೆ ಯಾಕೆ ಬಂತು?" 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಹೆಚ್ಚಿನ ಕಡಿತಗಳಿಲ್ಲ) ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬ ಶಿಕ್ಷಕಿಯ ಸಂಬಳ, 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 11 ಲಕ್ಷ. ಬೇರೆ ಏನೂ ಇಲ್ಲದಿದ್ದರೆ ತೆರಿಗೆ 50,000, ಅಷ್ಟೂ 87ಎ ರಿಯಾಯಿತಿಯಲ್ಲಿ ಹೋಗಿ ಸೊನ್ನೆ. ಈಗ ತೋಟದ ಆದಾಯ, ಖರ್ಚು ಕಳೆದು, 4 ಲಕ್ಷ ಅಂತ ಇಟ್ಟುಕೊಳ್ಳಿ. ಮೊದಲು ಎರಡನ್ನೂ ಕೂಡಿಸಿ 15 ಲಕ್ಷಕ್ಕೆ ತೆರಿಗೆ ಹಾಕುತ್ತಾರೆ: 1,05,000. ಆಮೇಲೆ ಕೃಷಿಯ 4 ಲಕ್ಷಕ್ಕೆ ತೆರಿಗೆ ಇಲ್ಲದ 4 ಲಕ್ಷ ಸೇರಿಸಿ 8 ಲಕ್ಷಕ್ಕೆ ತೆರಿಗೆ ಹಾಕುತ್ತಾರೆ: 20,000. ಕಳೆದರೆ 85,000. ಇದರಲ್ಲಿ ರಿಯಾಯಿತಿ ಸಿಗುವುದು ಹೆಚ್ಚೆಂದರೆ 60,000. ಉಳಿದ 25,000ಕ್ಕೆ ಶೇಕಡಾ 4 ಸೆಸ್ ಸೇರಿ 26,000 ಕಟ್ಟಬೇಕು. ಅಡಿಕೆಗೆ ನೇರವಾಗಿ ತೆರಿಗೆ ಹಾಕಲಿಲ್ಲ, ಆದರೆ ಸಂಬಳವನ್ನು ಮೇಲಿನ ಮೆಟ್ಟಿಲಿಗೆ ತಳ್ಳಿತು. ಪೋರ್ಟಲಿನ ಲೆಕ್ಕ ಸರಿಯಾಗಿಯೇ ಇದೆ. ಇದು ನ್ಯಾಯವೋ ಅಲ್ಲವೋ ಎನ್ನುವುದು ಬೇರೆ ಚರ್ಚೆ. ಕೊಳೆರೋಗ ಬಂದ ವರ್ಷ ಅಡಿಕೆ ಬೆಳೆಗಾರರನ್ನು ಕೇಳಿದರೆ ಉತ್ತರ ಸಿಗುತ್ತದೆ.

ಇಲ್ಲಿ ಖರ್ಚು ಕಳೆಯುವುದನ್ನು ಮರೆಯಬಾರದು. ಕೊಯ್ಲಿನ ಕೂಲಿ, ಮದ್ದು ಬಿಡುವ ಖರ್ಚು, ಗೊಬ್ಬರ, ಸುಲಿಯುವ ಕೂಲಿ ಎಲ್ಲ ಕಳೆದು ಉಳಿದದ್ದು ಆದಾಯ. ಚೀಟಿಗಳನ್ನು ಇಟ್ಟುಕೊಳ್ಳಿ.

ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಫಾರ್ಮು ಜಮೀನಿನ ವಿವರವನ್ನೂ ಕೇಳುತ್ತದೆ: ಯಾವ ಜಿಲ್ಲೆ, ಪಿನ್ ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ. ಈ ಎಕರೆಯ ಕಾಲಮ್ಮಿನಲ್ಲಿ ಒಂದು ಹೊಂಡ ಇದೆ. ಕೇರಳದ ಗ್ರಾಮ ಕಚೇರಿಯ ತೀರ್ವೆ ರಶೀದಿಯಲ್ಲಿ ವಿಸ್ತೀರ್ಣ ಇರುವುದು ಹೆಕ್ಟೇರ್, ಆರ್, ಚದರ ಮೀಟರಿನಲ್ಲಿ. ಮಾತಿನಲ್ಲಿ ನಾವು ಸೆಂಟ್ ಅನ್ನುತ್ತೇವೆ. ರಶೀದಿಯಲ್ಲಿ 60 ಆರ್ ಇದ್ದದ್ದನ್ನು ನೋಡಿ ಕಾಲಮ್ಮಿನಲ್ಲಿ 60 ಅಂತ ಹೊಡೆದರೆ ನೀವು ಅರುವತ್ತು ಎಕರೆ ತೋಟದ ಧಣಿ ಆಗುತ್ತೀರಿ. ಒಂದು ಆರ್ ಅಂದರೆ ಸುಮಾರು 2.47 ಸೆಂಟ್. 60 ಆರ್ ಅಂದರೆ 148 ಸೆಂಟ್, ಅಂದರೆ 1.48 ಎಕರೆ. ಗಡಿಯಾಚೆ ಪುತ್ತೂರು, ಬಂಟ್ವಾಳ ಕಡೆಯೂ ಜಾಗ ಇರುವವರು ಅದನ್ನು ಬೇರೆ ಸಾಲಿನಲ್ಲಿ, ಆ ಜಿಲ್ಲೆಯ ಹೆಸರಿನಲ್ಲಿ ಹಾಕಬೇಕು. ಪಹಣಿಯಲ್ಲಿ ಎಕರೆ, ಗುಂಟೆ ಇರುತ್ತದೆ. 40 ಗುಂಟೆಗೆ ಒಂದು ಎಕರೆ, ಅದನ್ನೂ ದಶಮಾಂಶಕ್ಕೆ ತನ್ನಿ.

80ಸಿ ಹಾಕಿದರೂ ತೆರಿಗೆ ಇಳಿಯುತ್ತಿಲ್ಲ

ಹೊಸ ಪದ್ಧತಿ ಈಗ ತಾನಾಗಿಯೇ ಆರಿಸಿಕೊಂಡಿರುತ್ತದೆ. ಅದರಲ್ಲಿ ಎಲ್‌ಐಸಿ, ಪಿಎಫ್ ಥರದ 80ಸಿ ಉಳಿತಾಯ, ಮನೆ ಬಾಡಿಗೆ ಯಾವುದೂ ಲೆಕ್ಕಕ್ಕಿಲ್ಲ. ವೃತ್ತಿ ತೆರಿಗೆಯೂ ಇಲ್ಲ, ಅದು ಮಂಗಳೂರಿನ ಕಂಪನಿ ತಿಂಗಳು ತಿಂಗಳು ಹಿಡಿದದ್ದಾಗಲಿ, ನಮ್ಮ ಪಂಚಾಯತಿಗೆ ಆರು ತಿಂಗಳಿಗೊಮ್ಮೆ ಕಟ್ಟಿದ್ದಾಗಲಿ. ಹಳೆಯದು ಬೇಕಾದರೆ ಫಾರ್ಮಿನ ಆರಂಭದಲ್ಲೇ ಹೊಸ ಪದ್ಧತಿಯಿಂದ ಹೊರಗೆ ಹೋಗುತ್ತೀರಾ ಅಂತ ಕೇಳುವಲ್ಲಿ ಹೌದು ಅನ್ನಿ. ಗಡುವು ದಾಟಿ ಹಾಕುವ ರಿಟರ್ನಿಗೆ ಈ ಆಯ್ಕೆ ಇಲ್ಲ. ವ್ಯಾಪಾರದ ಆದಾಯ ಇರುವವರು ಅದಕ್ಕೆ ಮೊದಲೇ ಹೊಸ ಪದ್ಧತಿ ಬಿಡುತ್ತೇನೆ ಎನ್ನುವ ಫಾರ್ಮ್ 10-ಐಇಎ ಹಾಕಿರಬೇಕು.

ಡಿಎ ಬಾಕಿ, ಸಂಬಳ ಪರಿಷ್ಕರಣೆಯ ಬಾಕಿ ಒಟ್ಟಿಗೆ ಬಂದ ಶಿಕ್ಷಕರಿಗೆ ಇನ್ನೊಂದು. ಹಳೆಯ ಬಾಕಿ ಒಂದೇ ವರ್ಷ ಬಂದದ್ದಕ್ಕೆ ಸಿಗುವ 89ನೇ ಸೆಕ್ಷನ್ನಿನ ರಿಯಾಯಿತಿ ಹಾಕಿದಿರಿ, ಸೂಚನೆಯಲ್ಲಿ ಅದು ಸೊನ್ನೆ ಆಗಿ ಬಂತು. ಕಾರಣ ಯಾವಾಗಲೂ ಒಂದೇ ಅನ್ನುವಷ್ಟು ಮಟ್ಟಿಗೆ ಒಂದೇ: ಆ ರಿಯಾಯಿತಿಯ ಲೆಕ್ಕ ಕೊಡುವ ಫಾರ್ಮ್ 10ಇ ಹಾಕಿಲ್ಲ. ಕಚೇರಿಯಲ್ಲಿ ಕಾಗದದಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಪೋರ್ಟಲಿನಲ್ಲೇ, ರಿಟರ್ನ್ ಹಾಕುವ ಮೊದಲು, ಅದೇ ವರ್ಷ ಆರಿಸಿ ಹಾಕಿರಬೇಕು.

ಕಟ್ಟಿದ ಹಣ ಕಾಣುತ್ತಿಲ್ಲ

ಇಲ್ಲಿ ವರ್ಷ ನೋಡಿ. 2025ರ ಏಪ್ರಿಲಿನಿಂದ 2026ರ ಮಾರ್ಚ್ ತನಕದ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ, ಅಂದರೆ ಆ ಆದಾಯದ ತೆರಿಗೆ ಲೆಕ್ಕ ನೋಡುವ ಮುಂದಿನ ವರ್ಷ, 2026-27. ಚಲನಿನಲ್ಲಿ 2025-26 ಒತ್ತಿದರೆ ಹಣ ಹಿಂದಿನ ವರ್ಷಕ್ಕೆ ಹೋಗಿ ಕೂರುತ್ತದೆ. ಪೋರ್ಟಲಿನಲ್ಲಿ ಚಲನ್ ಕರೆಕ್ಷನ್ ಇದೆ, ಆದರೆ ವರ್ಷ ಬದಲಾಯಿಸಲು ಹಣ ಕಟ್ಟಿ 7 ದಿನದೊಳಗೆ ಮಾತ್ರ. ಆಮೇಲೆ ಅಧಿಕಾರಿಗೆ ಅರ್ಜಿ.

ವೆರಿಫೈ ಆಗಿಲ್ಲ

ಸಬ್ಮಿಟ್ ಒತ್ತಿದರೆ ರಿಟರ್ನ್ ಮುಗಿಯಿತು ಅಂತಲ್ಲ. 30 ದಿನದೊಳಗೆ ವೆರಿಫೈ ಆಗಬೇಕು. ಮೊದಲು 120 ದಿನ ಇತ್ತು. 2022ರ ಆಗಸ್ಟ್ 1ರಿಂದ ಇಳಿಸಿದ್ದಾರೆ. ಹಳೆಯ ಅಭ್ಯಾಸದವರು ಇನ್ನೂ ನಿಧಾನ ಮಾಡುತ್ತಾರೆ. ಆಧಾರ್ ಓಟಿಪಿ ಬರದಿದ್ದರೆ ಬ್ಯಾಂಕ್ ಖಾತೆ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಇವಿಸಿ (ವೆರಿಫೈ ಮಾಡುವ ಕೋಡು) ತೆಗೆಯಬಹುದು. ಅದೂ ಆಗದಿದ್ದರೆ ಐಟಿಆರ್-ವಿ (ರಿಟರ್ನ್ ವೆರಿಫೈ ಮಾಡುವ ಕಾಗದ) ಅಚ್ಚು ತೆಗೆದು, ಶಾಯಿಯಲ್ಲಿ ಸಹಿ ಮಾಡಿ, ಬೆಂಗಳೂರು 560500 ಸಿಪಿಸಿಗೆ (ಇಲಾಖೆ ರಿಟರ್ನ್ ನೋಡುವ ಕೇಂದ್ರ) ಸ್ಪೀಡ್ ಪೋಸ್ಟ್ ಮಾಡಿ. ಕೊರಿಯರ್ ಬೇಡ. 30 ದಿನ ದಾಟಿದರೆ ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಹಾಕಿದ ದಿನ ಅಂತ ಹಿಡಿಯುತ್ತಾರೆ. ಗಡುವು ದಾಟಿದ್ದರೆ 234ಎಫ್ ಪ್ರಕಾರ 5,000 ರೂಪಾಯಿ ತಡ ಶುಲ್ಕ ಬೀಳುತ್ತದೆ, ಆದಾಯ 5 ಲಕ್ಷದ ಒಳಗಿದ್ದರೆ 1,000.

ರಿಟರ್ನ್ ಡಿಫೆಕ್ಟಿವ್ (ದೋಷ ಇದೆ) ಅಂತ 139(9) ನೋಟಿಸು ಬಂದರೆ 15 ದಿನದೊಳಗೆ ಉತ್ತರ ಕೊಡಬೇಕು. ಅದು ಬರುವುದು ಇಮೇಲಿಗೆ, ಮತ್ತೆ ಪೋರ್ಟಲಿನ ಪೆಂಡಿಂಗ್ ಆಕ್ಷನ್ಸಿನಲ್ಲಿ ಇರುತ್ತದೆ. ಅಂಗಡಿಯವರ ಇಮೇಲ್ ಇದ್ದರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಕೊನೆಗೂ ಅಧಿಕಾರಿಯ ಹತ್ತಿರವೇ ಹೋಗಬೇಕಾಗಿ ಬಂದರೆ, ಕಾಸರಗೋಡಿನ ಕಚೇರಿಗೆ ಹೊರಡುವ ಮೊದಲು ಪ್ರೊಫೈಲಿನಲ್ಲಿ ವ್ಯಾಪ್ತಿಯ ವಿವರ ನೋಡಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿದಾಗ ಪ್ಯಾನ್ ಮಾಡಿಸಿದವರ ಫೈಲು ಈಗಲೂ ಅಲ್ಲಿಯ ಅಧಿಕಾರಿಯ ಹತ್ತಿರವೇ ಇರಬಹುದು, ನೀವು ಊರಿಗೆ ಬಂದು ಎಷ್ಟು ವರ್ಷ ಆಗಿದ್ದರೂ. ವರ್ಗಾಯಿಸಿಕೊಳ್ಳಬೇಕಾದರೆ ಮೊದಲು ಪ್ಯಾನಿನಲ್ಲಿ ವಿಳಾಸ ಬದಲಾಯಿಸಿ, ಆಮೇಲೆ ಈಗಿರುವ ಆ ಅಧಿಕಾರಿಗೇ ವಿಳಾಸದ ದಾಖಲೆ ಸಹಿತ ಅರ್ಜಿ ಕೊಡಿ. ಬರೀ ಪೋರ್ಟಲಿನ ಸಂಶಯ ಆದರೆ ಕಚೇರಿ ಬೇಡ, 1800 103 0025ಕ್ಕೆ ಫೋನ್ ಮಾಡಿದರೆ ಸಾಕು. ಪ್ಯಾನ್, ಅಸೆಸ್‌ಮೆಂಟ್ ವರ್ಷ, ಅಕ್ನಾಲೆಜ್‌ಮೆಂಟ್ ನಂಬರ್ ಮುಂದೆ ಇಟ್ಟುಕೊಂಡು ಮಾಡಿ.